ಒಡೆದ ಹಾಲು, ತುಂಬಿದ ರೊಟ್ಟಿ

ಹಾಲು ಒಡೆಯೋದು ನಮ್ಮ ಮಸ್ಕಿ-ಲಿಂಗಸುಗೂರು ಕಡೆ ಒಂದು ಕೆಟ್ಟ ಸುದ್ದಿ. "ಹಾಲು ಒಡದಾವ" ಅಂದ್ರೆ ಚಹಾ ಇಲ್ಲ ಅನ್ನೋದಷ್ಟೇ ಅಲ್ಲ, ಯಾರ ಕಣ್ಣು ಬಿತ್ತೋ ಏನೋ, ಇವತ್ತು ಹೊಸ ಕೆಲಸಕ್ಕೆ ಕೈ ಹಾಕಬೇಡ ಅನ್ನೋ ಅರ್ಥವೂ ಅದರೊಳಗೆ ಸೇರಿರುತ್ತೆ. ಅದೇ ನಾವು ಬೆಂಗಳೂರಿಗೆ ಬಂದು ಶುಕ್ರವಾರ ಸಂಜೆ ಟೀಮಿನವರೆಲ್ಲ ಕೂತು ಸ್ಟಫ್ಡ್ ಗಾರ್ಲಿಕ್ ಬ್ರೆಡ್ ಆರ್ಡರ್ ಮಾಡ್ತೀವಿ. ಬಿಸಿ ಇರುವಾಗಲೇ ಹರಿದು, ದಾರದ ಹಾಗೆ ಎಳೆಯುವ ಚೀಸನ್ನು ಫೋಟೋ ತೆಗೆದು, ಆಮೇಲೆ ತಿಂತೀವಿ. ಚೀಸ್ ಅಂದ್ರೆ ಮತ್ತೇನು? ಬೇಕಂತಲೇ ಒಡೆಸಿದ ಹಾಲು.

ನನ್ನ ತಲೇಲಿ ಬಹಳ ದಿನದಿಂದ ಇರೋ ಪ್ರಶ್ನೆ ಇದು. ದನ ಇದ್ದವು, ಹಾಲು ಇತ್ತು, ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸೋ ಕೈಚಳಕ ಇತ್ತು. ಆದರೂ ಒಡೆದ ಹಾಲು ತುಂಬಿದ ರೊಟ್ಟಿ ನಮ್ಮ ಕಡೆ ಯಾಕೆ ಹುಟ್ಟಲಿಲ್ಲ?

ದನದ ಕಥೆಯಿಂದಲೇ ಶುರು ಮಾಡೋಣ. ಲಿಂಗಸುಗೂರು ತಾಲೂಕಿನಲ್ಲಿ ಮುದಗಲ್ ಹತ್ತಿರ ಪಿಕ್ಲಿಹಾಳ ಅಂತ ಒಂದು ಸಣ್ಣ ಊರಿದೆ. 1950ರ ದಶಕದ ಮೊದಲಲ್ಲಿ ಎಫ್. ಆರ್. ಆಲ್ಚಿನ್ ಅನ್ನುವ ಪುರಾತತ್ವಜ್ಞ ಅಲ್ಲಿ ಉತ್ಖನನ ಮಾಡಿದರು. 1960ರಲ್ಲಿ ಅದರ ವರದಿ ಬಂತು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ದನ ಸಾಕುವ ಜನ ಇದ್ದರು. ಬಂಡೆಗಳ ಮೇಲೆ ಅವರು ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಎತ್ತುಗಳು ಇವತ್ತಿಗೂ ಕಾಣುತ್ತವೆ. ಅಂದರೆ ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ದನ ಅನ್ನೋದು ಅಶೋಕನಿಗಿಂತ ಹಳೆಯದು.

ಅಶೋಕ ಅಂದೆನಲ್ಲ, ಮಸ್ಕಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು 1915ರಲ್ಲಿ ಸಿಕ್ಕ ಆ ಶಾಸನವೇ. ಅದು ನಿಮಗೆ ಗೊತ್ತು, ಬಿಡಿ. ನನಗೆ ಬೇಕಾಗಿರೋದು ಅದಾಗಿ ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಕಳೆದ ಮೇಲಿನ ಮಸ್ಕಿ. ಸುಮಾರು 1020ರ ಹೊತ್ತಿಗೆ ರಾಜೇಂದ್ರ ಚೋಳನಿಗೂ ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನಿಗೂ 'ಮುಶಂಗಿ'ಯಲ್ಲಿ ಯುದ್ಧ ಆಯ್ತು. ಈ ಮುಶಂಗಿ ನಮ್ಮ ಮಸ್ಕಿಯೇ ಅಂತ ಬಹಳಷ್ಟು ಇತಿಹಾಸಕಾರರು ಹೇಳ್ತಾರೆ. ಗೆದ್ದವರು ನಾವೇ ಅನ್ನುತ್ತವೆ ಚೋಳರ ಶಾಸನಗಳು. ಆದರೆ ದೋಆಬು ಉಳಿದದ್ದು ಚಾಲುಕ್ಯರ ಕೈಯಲ್ಲೇ.

ಇದೇ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಜ್ಯೋತಿಷ, ವಾಸ್ತು, ನೀರು ಹುಡುಕೋದು, ಗಿಡಗಳ ಆರೈಕೆ ಎಲ್ಲ ಇರೋ ಆ ಪುಸ್ತಕದಲ್ಲಿ ಅಡುಗೆಗೂ ಒಂದು ಅಧ್ಯಾಯ ಕೊಟ್ಟಿದ್ದಾನೆ. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಅಡುಗೆಮನೆ. ಯುದ್ಧದ ಬಗ್ಗೆ ನಾವು ಶಾಲೇಲಿ ಓದಿದ್ವಿ, ಅಡುಗೆಮನೆ ಬಗ್ಗೆ ಯಾರೂ ಹೇಳಲಿಲ್ಲ.

ನನ್ನ ಪ್ರಶ್ನೆಗೆ ನಿಜವಾದ ಗಂಟು ಸಿಗೋದು ಜಯಸಿಂಹನ ಮರಿಮಗ ಮೂರನೇ ಸೋಮೇಶ್ವರನ ಹತ್ತಿರ. ಅವನ 'ಮಾನಸೋಲ್ಲಾಸ' 1129ರದ್ದು, ಭಾಷೆ ಸಂಸ್ಕೃತ. ಬರೆದದ್ದು ಮಾತ್ರ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ. ಅದರ ಅನ್ನಭೋಗದ ಭಾಗದಲ್ಲಿ ಬೋರಲು ಹಾಕಿದ ಮಡಕೆಯ ಮೇಲೆ ಬೇಯಿಸುವ ಗೋಧಿಯ ಮಂಡಕ ಬರುತ್ತೆ. ಬೆಳಗಾವಿ ಕಡೆಯ ಮದುವೆಯ ಮಂಡಿಗೆಯನ್ನು ನೋಡಿದವರು ತಕ್ಷಣ ಗುರುತಿಸ್ತಾರೆ. ಬೇಳೆಯ ಹೂರಣ ಒಳಗಿಟ್ಟ ತಿನಿಸುಗಳೂ ಬರುತ್ತವೆ. ಜೊತೆಗೆ ಕ್ಷೀರಪ್ರಕಾರ ಅಂತ ಒಂದು ಸಿಹಿ ಇದೆ: ಕಾಯಿಸಿದ ಹಾಲಿಗೆ ಹುಳಿ ಬೆರೆಸಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಗಟ್ಟಿಯನ್ನು ಅಕ್ಕಿ ಹಿಟ್ಟಿನ ಜೊತೆ ನಾದಿ, ತುಪ್ಪದಲ್ಲಿ ಕರಿದು, ಸಕ್ಕರೆ ಹಚ್ಚೋದು. ಬೇಕಂತಲೇ ಒಡೆಸಿದ ಹಾಲು, ನಮ್ಮದೇ ರಾಜನ ತಟ್ಟೆಯಲ್ಲಿ!

ಇದನ್ನು ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಹಾಲು ಒಡೆಸೋದನ್ನು ಭಾರತಕ್ಕೆ ಕಲಿಸಿದ್ದು ಪೋರ್ಚುಗೀಸರು ಅನ್ನೋ ಮಾತು ಬಹಳ ಓಡಾಡುತ್ತೆ. ಅದನ್ನು ಗಟ್ಟಿಯಾಗಿ ಮಂಡಿಸಿದವರಲ್ಲಿ ಒಬ್ಬರು ಕೆ. ಟಿ. ಅಚ್ಚಯ್ಯ, ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ. ಕೃಷ್ಣನ ಕಥೆಗಳಲ್ಲಿ ಹಾಲು, ಮೊಸರು, ಬೆಣ್ಣೆ ತುಂಬಿ ತುಳುಕುತ್ತವೆ, ಒಡೆದ ಹಾಲಿನ ಮಾತೇ ಇಲ್ಲ. ಹೂಗ್ಲಿ ತೀರದ ಬಂಡೇಲ್‌ನಂಥ ಕಡೆ ನೆಲೆಸಿದ ಪೋರ್ಚುಗೀಸರ ಚೀಸಿನಿಂದ ಬಂಗಾಳದ ಛಾನಾ ಬೆಳೆಯಿತು ಅನ್ನೋದು ಅವರ ವಾದ. 17ನೇ ಶತಮಾನದಲ್ಲಿ ಬರ್ನಿಯೇ ಅನ್ನುವ ಫ್ರೆಂಚ್ ಪ್ರವಾಸಿ ಕೂಡ ಬಂಗಾಳದ ಪೋರ್ಚುಗೀಸರು ಸಿಹಿತಿಂಡಿ ಮಾಡೋದರಲ್ಲಿ ಗಟ್ಟಿಗರು ಅಂತ ಬರೆದಿದ್ದಾನೆ. ತಮಾಷೆ ಅಂದ್ರೆ, ಮಾನಸೋಲ್ಲಾಸದ ಆ ಸಿಹಿಯನ್ನು ನಮ್ಮಂಥವರಿಗೆ ಪರಿಚಯಿಸಿದವರೂ ಅಚ್ಚಯ್ಯನವರೇ. ನನ್ನ ಮಟ್ಟಿಗೆ 1129 ಅನ್ನೋ ತಾರೀಖು ಆ ವಾದದಲ್ಲಿ ಒಂದು ದೊಡ್ಡ ತೂತು. ಆದರೆ ರಾಜನ ಪುಸ್ತಕದಲ್ಲಿ ಒಂದು ಅಡುಗೆ ಸಿಕ್ಕಿತು ಅಂದ ಮಾತ್ರಕ್ಕೆ ಅದು ರೈತನ ಒಲೆ ಮೇಲೂ ಇತ್ತು ಅನ್ನೋಕೂ ಆಗಲ್ಲ. 'ಎಲ್ಲಾ ನಮ್ಮಲ್ಲೇ ಮೊದಲು ಇತ್ತು' ಅನ್ನೋ ವಾಟ್ಸಾಪ್ ಇತಿಹಾಸಕ್ಕೂ ನನಗೂ ದೂರ.

ರೈತನ ಒಲೆ ಮೇಲೆ ಅದು ಯಾಕೆ ಬರಲಿಲ್ಲ ಅನ್ನೋದಕ್ಕೆ ಅಪಶಕುನ, ಮಡಿ ಅಂತ ಕಾರಣ ಕೊಡೋರಿದ್ದಾರೆ. ನನಗೆ ಲೆಕ್ಕಾಚಾರ ಹೆಚ್ಚು ನಂಬಿಕೆ. ಒಂದು ಚರಿಗೆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು, ಕಡೆದರೆ ಮಜ್ಜಿಗೆ ಮತ್ತು ಬೆಣ್ಣೆ, ಕಾಯಿಸಿದರೆ ತಿಂಗಳುಗಟ್ಟಲೆ ಇರೋ ತುಪ್ಪ. ಮೇಲೆ ನಾಳೆಗೆ ಮತ್ತೆ ಹೆಪ್ಪು. ಅದೇ ಹಾಲು ಒಡೆಸಿದರೆ ಒಂದೇ ಔಟ್‌ಪುಟ್, ಅದೂ ನಮ್ಮ ಬಿಸಿಲಿಗೆ ಮರುದಿನ ಹುಳಿ ವಾಸನೆ. ಯಾವ ಬುದ್ಧಿವಂತ ಹೆಣ್ಣುಮಗಳು ಒಡೆಸ್ತಾಳೆ? ಇನ್ನು ರೊಟ್ಟಿ. ನಮ್ಮ ದಿನದ ಊಟ ಜೋಳದ್ದು, ಸಜ್ಜೆಯದು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಬಿಸಿನೀರು ಹಾಕಿ ನಾದಿ ಬಡಿದರೆ ರೊಟ್ಟಿಯಾಗುತ್ತೆ, ಎಳೆದು ಹೂರಣ ಮುಚ್ಚೋಕೆ ಹೋದರೆ ಹರಿಯುತ್ತೆ. ತುಂಬೋಕೆ ಗೋಧಿಯ ಕಣಕವೇ ಬೇಕು, ಗೋಧಿ ಹಬ್ಬದ ದಿನಕ್ಕೆ. ಹಬ್ಬದ ದಿನ ಬೇಳೆ-ಬೆಲ್ಲ, ಸೇಂಗಾ, ಎಳ್ಳು ಬಿಟ್ಟು ಒಡೆದ ಹಾಲು ತುಂಬೋರು ಯಾರು?

ಹಂಚೋದರ ಬಗ್ಗೆಯೂ ಒಂದು ಮಾತು. ಎಮ್ಮೆ ಈದರೆ ಗಿಣ್ಣ ಓಣಿಗೆಲ್ಲ ಹೋಗ್ತಿತ್ತು, ಮಜ್ಜಿಗೆಗೆ ದುಡ್ಡು ತಗೊಳ್ತಿರಲಿಲ್ಲ. ಆದರೆ ಅವರವರ ಬಟ್ಟಲು ಅವರವರಿಗೆ. ಹೋಳಿಗೆಯೂ ಎಲೆಗೆ ಒಂದೊಂದು, ಇಡಿಯಾಗಿ. ಒಂದೇ ರೊಟ್ಟಿಯನ್ನು ನಾಲ್ಕು ಜಾತಿಯವರು ಸುತ್ತ ಕೂತು ಹರಿದು ತಿನ್ನೋದು ನಮ್ಮೂರಲ್ಲಿ ಸುಲಭವಿರಲಿಲ್ಲ. ಅಲಾಯಿ ಹಬ್ಬದ ಚೊಂಗೆ ಒಂದು ದೊಡ್ಡ ಅಪವಾದ. ಮುದಗಲ್ಲಿನ ಮೊಹರಂ ಸುತ್ತಮುತ್ತ ಹೆಸರಾದದ್ದು, ಹಿಂದೂಗಳೂ ಹರಕೆ ಹೊರುತ್ತಾರೆ. ಚೊಂಗೆ ಮುರಿದು ಕೈಗೆ ಇಟ್ಟರೆ ಯಾರೂ ಕುಲ ಕೇಳುತ್ತಿರಲಿಲ್ಲ.

ಒಡೆದ ಹಾಲು ದೋಆಬಿನ ಸಾಮಾನ್ಯರ ಮನೆಗೆ ಬಂದದ್ದು ಕಲ್ಯಾಣದಿಂದಲ್ಲ, ಪದ್ಮಾ ನದಿಯ ಕಡೆಯಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಆಂಧ್ರದ ರೈತರು ಬಂದು ಜಮೀನು ಕೊಂಡು ಕ್ಯಾಂಪ್ ಕಟ್ಟಿದರು. ಆಮೇಲೆ 1970ರ ದಶಕದಲ್ಲಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಸಿಂಧನೂರು ತಾಲೂಕಿನಲ್ಲಿ ಪುನರ್ವಸತಿ ಕಲ್ಪಿಸಿತು. ಅವೇ ನಮ್ಮ ಆರ್.ಎಚ್. ಕ್ಯಾಂಪುಗಳು. ಊರಿಗೆ ಹೆಸರಿನ ಬದಲು ನಂಬರ್. ಅಲ್ಲಿನ ಎಷ್ಟೋ ಜನ ಗದ್ದೆ ಮಾಡಿ ನಮಗೆಲ್ಲ ಅಕ್ಕಿ ಕೊಟ್ಟರೂ ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾದರು.

"ಹಾಲು ಒಡಿಸಿ ತಿನ್ನೋ ಮಂದಿ" ಅಂತ ನಮ್ಮೂರ ಹಿರಿಯರು ಅವರ ಬಗ್ಗೆ ಆಡ್ತಿದ್ದದ್ದು ನಾನು ಕೇಳಿ ಬೆಳೆದಿದ್ದೀನಿ. ಅದು ಅಡುಗೆಯ ವರ್ಣನೆ ಆಗಿರಲಿಲ್ಲ, ಬೈಗುಳ ಆಗಿತ್ತು. ಪಿಯುಸಿಯಲ್ಲಿ ನನ್ನ ಬೆಂಚಿನಲ್ಲಿ ಕೂರ್ತಿದ್ದ ಗೆಳೆಯ ಕ್ಯಾಂಪಿನವನು. ಸಂಕ್ರಾಂತಿಗೆ ನಮ್ಮಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅವರಲ್ಲಿ ಅಕ್ಕಿ ಹಿಟ್ಟಿನೊಳಗೆ ಕಾಯಿ-ಬೆಲ್ಲ ತುಂಬಿದ ಪಿಠೆ. ಅದರ ಜೊತೆ ಅವನ ತಾಯಿ ಗೋಧಿ ಹಿಟ್ಟಿನೊಳಗೆ ಉಪ್ಪು, ಮೆಣಸಿನಕಾಯಿ ಹಾಕಿದ ಛಾನಾ ತುಂಬಿ, ಬಾಣಲೆಯಲ್ಲಿ ಬೇಯಿಸಿ, ಚಾಕುವಿನಿಂದ ಹೋಳು ಮಾಡಿ ಕೊಟ್ಟರು. "ತಗೋ ಬಾಬಾ, ಬಿಸಿ ಐತಿ" ಅಂತ ನಮ್ಮದೇ ಕನ್ನಡದಲ್ಲಿ. ಮಾನಸೋಲ್ಲಾಸದ ಎರಡು ಸಾಲುಗಳು ಕಲ್ಯಾಣದಲ್ಲಿ ಒಂದಾಗಲಿಲ್ಲ, ಆರ್.ಎಚ್. ಕ್ಯಾಂಪಿನಲ್ಲಿ ಆದವು.

ನಾನು ಈಗ ಮಾಡೋ ರೀತಿ ಹೇಳ್ತೀನಿ. ಒಂದು ಲೀಟರ್ ಗಟ್ಟಿ ಹಾಲು ಕುದಿ ಬಂದ ಮೇಲೆ ಉರಿ ಆರಿಸಿ, ಒಂದು ನಿಮಿಷ ಬಿಟ್ಟು, ನೀರು ಬೆರೆಸಿದ ಲಿಂಬೆರಸ ನಿಧಾನವಾಗಿ ಹಾಕಿ. ಹಸಿರು ಛಾಯೆಯ ತಿಳಿ ನೀರು ಬೇರೆಯಾದ ಕೂಡಲೇ ಸಾಕು. ಬಟ್ಟೆಯಲ್ಲಿ ಸೋಸಿ ಅರ್ಧ ಗಂಟೆ ತೂಗುಹಾಕಿದರೆ ಹೆಚ್ಚುಕಡಿಮೆ 200 ಗ್ರಾಂ ಸಿಗುತ್ತೆ. ಉಪ್ಪು, ಹಸಿಮೆಣಸಿನಕಾಯಿ, ಕೊತ್ತಂಬರಿ, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಗುರೆಳ್ಳು ಪುಡಿ. ಗುರೆಳ್ಳು ನನ್ನ ಸೇರ್ಪಡೆ, ಅದಿಲ್ಲದೆ ನನಗೆ ನಡೆಯಲ್ಲ. ಸೋಸಿದ ನೀರು ಚೆಲ್ಲಬೇಡಿ, ಗೋಧಿ ಹಿಟ್ಟನ್ನು ಅದರಲ್ಲೇ ಮೆತ್ತಗೆ ನಾದಿ, ಎಣ್ಣೆ ಸವರಿ ಒಂದು ಗಂಟೆ ಬಿಡಿ. ಹೋಳಿಗೆಯಂತೆ ತುಂಬಿ, ಹೋಳಿಗೆಗಿಂತ ದಪ್ಪ ತಟ್ಟಿ. ಸಣ್ಣ ಉರಿ, ತುಪ್ಪ, ಮೇಲೆ ಮುಚ್ಚಳ.

ಇದರಲ್ಲಿ ದಾರ ಎಳೆಯಲ್ಲ, ಅದನ್ನು ಕಾಯಬೇಡಿ. ಮೊಜರೆಲ್ಲಾ ಎಳೆಯೋದಕ್ಕೆ ಕಾರಣ ಅದರ ಪ್ರೋಟೀನಿಗೆ ಅಂಟಿಕೊಂಡು ಉಳಿದ ಕ್ಯಾಲ್ಸಿಯಂ. ಲಿಂಬೆಹುಳಿ ಆ ಕ್ಯಾಲ್ಸಿಯಂ ಬಹುಪಾಲು ನೀರಿಗೆ ಬಿಡಿಸಿಬಿಡುತ್ತೆ. ಹಾಗಾಗಿ ಛಾನಾ ಎಷ್ಟು ಕಾಸಿದರೂ ಕರಗಲ್ಲ, ಪುಡಿಪುಡಿಯಾಗಿ ಮೃದುವಾಗಿ ಇರುತ್ತೆ. ದಾರ ಬೇಕೇ ಬೇಕು ಅನ್ನೋರು, ಜಾರ್ಜಿಯಾ ದೇಶದವರು ಖಾಚಾಪುರಿಗೆ ಹಾಕುವ ಸುಲುಗುನಿಯಂಥ ಚೀಸ್ ಇಲ್ಲಿ ಸಿಗಲ್ಲವಾದ್ದರಿಂದ, ಕಾಲು ಭಾಗ ಮೊಜರೆಲ್ಲಾ ತುರಿದು ಸೇರಿಸಿ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ಕಣಕ ತೊಗಲಿನ ಹಾಗೆ ಆಗುತ್ತೆ. ಒಂದು ಲೀಟರಿಗೆ ದೊಡ್ಡವು ಎರಡು ಆಗುತ್ತವೆ. ಎಂಟೆಂಟು ಹೋಳು ಮಾಡಿ, ಒಂದೇ ತಟ್ಟೆಯಲ್ಲಿ ನಡುವೆ ಇಡಿ.