ಒಂದೇ ಪಂಕ್ತಿಯ ಊಟ

ರಜೆಯಲ್ಲಿ ಮಗಳು, ಅಳಿಯ ನಮ್ಮಿಬ್ಬರನ್ನೂ ಹವಾಯಿ ದ್ವೀಪಗಳಿಗೆ ಕರೆದುಕೊಂಡು ಹೋಗಿದ್ದರು. "ಅಮ್ಮಾ, ಇವತ್ತು ರಾತ್ರಿ ಲುವಾವುಗೆ ಹೋಗೋಣ" ಎಂದಳು ಮಗಳು. ಲುವಾವು ಎಂದರೆ ಅಲ್ಲಿನವರ ಸಾಂಪ್ರದಾಯಿಕ ಔತಣ. ಇಡೀ ಹಂದಿಯನ್ನು ನೆಲದಲ್ಲಿ ಹೂತು ಬೇಯಿಸುತ್ತಾರೆಂದು ಕೇಳಿದ ಮೇಲೆ ಸಸ್ಯಾಹಾರಿಯಾದ ನನಗೆ ಅಲ್ಲೇನು ಸಿಕ್ಕೀತು? ಕೈಚೀಲದಲ್ಲಿ ನಾಲ್ಕು ಚಕ್ಕುಲಿ ಇಟ್ಟುಕೊಂಡೇ ಹೊರಟೆ.

ಕೈಲುವಾ-ಕೋನಾ ಊರಿನ ಕಡಲ ದಂಡೆ. ಸೂರ್ಯ ಮುಳುಗುವ ಹೊತ್ತು. ಗಂಡಸರು ಸೇರಿ 'ಇಮು' ಎಂಬ ಗುಂಡಿಯ ಮಣ್ಣು ಸರಿಸಿದರು. ಕಾದ ಕಲ್ಲುಗಳ ಮೇಲೆ, ಬಾಳೆದಿಂಡು ಮತ್ತು ಹಸಿರೆಲೆಗಳ ನಡುವೆ, ಗಂಟೆಗಟ್ಟಲೆ ಬೆಂದ ಮಾಂಸದ ಹೊಗೆ ಮೇಲೆದ್ದಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆದರೆ ಮೇಜಿನ ಹತ್ತಿರ ಹೋದರೆ ಅಲ್ಲೊಬ್ಬ ಹಳೆಯ ಪರಿಚಯಸ್ಥ! ನಾವು ಪತ್ರೊಡೆ ಮಾಡುವ ಅದೇ ಕೆಸು. ಅದರ ಗೆಡ್ಡೆಯನ್ನು ಬೇಯಿಸಿ, ಕುಟ್ಟಿ, ನೀರು ಬೆರೆಸಿ ಮಾಡಿದ ನಸುನೇರಳೆ ಬಣ್ಣದ 'ಪೊಯಿ' ಅವರ ಅನ್ನವಿದ್ದಂತೆ. ಕೆಸುವಿನ ಎಳೆಯ ಎಲೆಗೇ ಲುವಾವು ಎಂದು ಹೆಸರು; ಊಟಕ್ಕೆ ಆ ಹೆಸರು ಬಂದದ್ದು ಆಮೇಲೆ. ಜೊತೆಗೆ ಗೆಣಸು, ಬಾಳೆಹಣ್ಣು, ತೆಂಗಿನ ಹಾಲಿನ 'ಹೌಪಿಯಾ' ಎಂಬ ಸಿಹಿ. ಚಕ್ಕುಲಿ ಕೈಚೀಲದಲ್ಲೇ ಉಳಿಯಿತು.

ನಮ್ಮವರ ತಟ್ಟೆ ತುಂಬಿಸಿ, ಅಭ್ಯಾಸದಂತೆ ನಾನು ಕಾಯುತ್ತ ನಿಂತಿದ್ದೆ. ಬಡಿಸುತ್ತಿದ್ದ ಹಿರಿಯ ಹೆಂಗಸು ನಕ್ಕು, "ಇಲ್ಲಿ ಹೆಂಗಸರು ಬೇರೆ ಉಣ್ಣುವುದು ನಿಂತು ಇನ್ನೂರು ವರ್ಷ ದಾಟಿತು. ಕೂತುಕೊಳ್ಳಿ" ಎಂದಳು. ಆ ಮಾತಿನ ಬೆನ್ನು ಹತ್ತಿ ಆಮೇಲೆ ಪುಸ್ತಕಗಳಲ್ಲಿ ಓದಿದ್ದನ್ನು ನಿಮಗೂ ಹೇಳಬೇಕು.

ಹಿಂದೆ ಅಲ್ಲಿ 'ಕಪು' ಎಂಬ ಕಟ್ಟಳೆಯಿತ್ತು. ಹೆಂಗಸರು ಗಂಡಸರೊಡನೆ ಕೂತು ಉಣ್ಣುವಂತಿಲ್ಲ. ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಬಗೆಯ ಬಾಳೆಹಣ್ಣು, ಕೆಲವು ಜಾತಿಯ ಮೀನು ಮುಟ್ಟುವಂತಿಲ್ಲ. ಮೀರಿದರೆ ಮರಣದಂಡನೆ! ಅಡುಗೆ ಮಾತ್ರ ಗಂಡಸರದೇ. ಅವರು ಎರಡು ಇಮು ಹೂಡಬೇಕು, ತಮಗೊಂದು, ಹೆಂಗಸರಿಗೊಂದು. ಒಲೆಯ ಮುಂದೆ ಬೇಯುವುದು ತಪ್ಪಿದರೂ ಪಂಕ್ತಿಭೇದ ತಪ್ಪಲಿಲ್ಲ ನೋಡಿ.

1778ರಲ್ಲಿ ಕ್ಯಾಪ್ಟನ್ ಕುಕ್ ಬಂದ ಮೇಲೆ ಪರದೇಶದ ಹಡಗುಗಳು ಬರತೊಡಗಿದವು. ಆ ಹಡಗುಗಳಲ್ಲಿ ಕೆಲವು ಹೆಂಗಸರು ಗಂಡಸರೊಡನೆ ಉಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ. 1819ರ ಮೇ ತಿಂಗಳಲ್ಲಿ ದ್ವೀಪಗಳನ್ನು ಒಂದುಗೂಡಿಸಿದ ದೊರೆ ಕಮೆಹಮೆಹಾ ತೀರಿಕೊಂಡ. ಅವನ ಮೆಚ್ಚಿನ ರಾಣಿ ಕಾಹುಮನು ಹೊಸ ದೊರೆ ಲಿಹೊಲಿಹೊನ ಜೊತೆಗೆ ತಾನೂ ಆಳುವೆನೆಂದಳು. ಕಪು ಇರುವವರೆಗೆ ಹೆಣ್ಣಿನ ಅಧಿಕಾರಕ್ಕೆ ಮಿತಿಯಿದೆಯೆಂದು ಅವಳಿಗೆ ಗೊತ್ತಿತ್ತು. ಲಿಹೊಲಿಹೊನ ತಾಯಿ ಕೆಯೊಪುವೊಲಾನಿ, ಎಲ್ಲರಿಗಿಂತ ಪವಿತ್ರ ಕುಲದವಳು, ಮೊದಲು ತನ್ನ ಕಿರಿಯ ಮಗನನ್ನು ಜೊತೆಗೆ ಕೂರಿಸಿಕೊಂಡು ಉಂಡಳು.

ಆ ವರ್ಷದ ಕೊನೆಯ ಭಾಗದಲ್ಲಿ ಇದೇ ಕೈಲುವಾದಲ್ಲಿ ಔತಣ. ಗಂಡಸರಿಗೊಂದು ಮೇಜು, ಹೆಂಗಸರಿಗೊಂದು. ಇಪ್ಪತ್ತರ ಹರೆಯದ ದೊರೆ ಎರಡು ಮೂರು ಸಲ ಸುತ್ತಾಡಿ, ಥಟ್ಟನೆ ಹೆಂಗಸರ ಮೇಜಿನಲ್ಲಿ ಕೂತು ಗಬಗಬನೆ ಉಂಡ. ಅಲ್ಲಿಗೆ ಕಪು ಮುರಿಯಿತು. ದೇವಾಲಯಗಳನ್ನೂ ವಿಗ್ರಹಗಳನ್ನೂ ನಾಶಮಾಡಲು ಅಪ್ಪಣೆಯಾಯಿತು. ಕ್ರೈಸ್ತ ಪಾದ್ರಿಗಳು ಬಂದದ್ದು 1820ರಲ್ಲಿ. ಕಪುವನ್ನು ಮುರಿದವರು ಮನೆಯವರೇ.

ಆದರೆ ಎಲ್ಲರೂ ಹಿಗ್ಗಲಿಲ್ಲ. ದೊರೆಯ ಸೋದರ ಸಂಬಂಧಿ ಕೆಕುವಾವೊಕಲಾನಿ ಹಳೆಯ ದೇವರುಗಳ ಪರವಾಗಿ ನಿಂತ. ಡಿಸೆಂಬರಿನಲ್ಲಿ ಕುವಾಮೊವೊ ಎಂಬಲ್ಲಿ ಯುದ್ಧವಾಗಿ ಅವನು ಮಡಿದ. ಪಕ್ಕದಲ್ಲೇ ಹೋರಾಡುತ್ತಿದ್ದ ಹೆಂಡತಿ ಮನೋನೊ ಗಂಡನ ದೇಹದ ಮೇಲೇ ಬಿದ್ದು ಸತ್ತಳು. ತನಗೆ ಬಾಳೆಹಣ್ಣನ್ನೂ ನಿರಾಕರಿಸಿದ್ದ ಕಟ್ಟಳೆಗಾಗಿ ಪ್ರಾಣ ಕೊಟ್ಟಳೇ ಎಂದು ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಅವಳಿಗೆ ಅದು ಬರಿಯ ಊಟದ ಕಟ್ಟಳೆಯಲ್ಲ, ದೇವರು, ಗಂಡ, ಹುಟ್ಟಿದಂದಿನಿಂದ ನಂಬಿದ ಲೋಕವೇ ಆಗಿತ್ತು.

ನನ್ನ ತವರಿನಲ್ಲಿ ಆಷಾಢದ ಮಳೆಗೆ ಪತ್ರೊಡೆ ಮಾಡಿದರೆ ಗಂಡಸರ, ಮಕ್ಕಳ ಪಂಕ್ತಿ ಮುಗಿದ ಮೇಲೆ ಅಮ್ಮ ತಳದಲ್ಲಿ ಉಳಿದ ಚೂರುಗಳನ್ನು ತಿನ್ನುತ್ತಿದ್ದಳು. ನಮ್ಮಲ್ಲಿ ಯಾರೂ ಮರಣದಂಡನೆ ವಿಧಿಸಿರಲಿಲ್ಲ. "ನನಗೇನು ಅವಸರ" ಎಂಬ ಒಂದು ಮಾತೇ ಸಾಕಾಗಿತ್ತು.

ಊರಿಗೆ ಮರಳಿದ ಮೇಲೆ ಒಂದು ದಿನ ಪತ್ರೊಡೆ ಮಾಡಿ ಎಲ್ಲರಿಗೂ ಒಟ್ಟಿಗೇ ತಟ್ಟೆ ಹಾಕಿದೆ, ನನಗೂ. ನಮ್ಮವರು ಮಾತಾಡದೆ ಬಡಿಸುವ ಸೌಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಎಂಬತ್ತು ದಾಟಿದ ಅತ್ತೆ ಮಾತ್ರ ಬಾಗಿಲಲ್ಲೇ ನಿಂತು, "ನಿಮ್ಮದೆಲ್ಲ ಆಗಲಿ, ನನಗೇನು ಅವಸರ" ಎಂದರು. ಮನೋನೊ ನೆನಪಾದಳು. ನಾನು ಒತ್ತಾಯಿಸಲಿಲ್ಲ. ಅವರ ತಟ್ಟೆಗೆ ನಡುವಿನ ತುಂಡುಗಳನ್ನು ತೆಗೆದಿಟ್ಟು, ಅವರು ಬರುವವರೆಗೆ ನಿಧಾನವಾಗಿ ತಿನ್ನುತ್ತ ಕೂತೆ.