ಹಾಡು ಯಾರದು, ಕೋರ್ಟು ಯಾವುದು?

ಅಮೆರಿಕದಲ್ಲಿ ಕೃತಿಸ್ವಾಮ್ಯದ ವ್ಯಾಜ್ಯಗಳು ರಾಜ್ಯಗಳ ಕೋರ್ಟಿಗಲ್ಲ, ಫೆಡರಲ್ ಕೋರ್ಟಿಗೇ ಹೋಗಬೇಕು. ಆದರೆ ಯಾವುದು ಕೃತಿಸ್ವಾಮ್ಯದ ವ್ಯಾಜ್ಯ? ಎಡ್ವರ್ಡ್ ಎಲಿಸ್ಕು ಎಂಬ ಗೀತರಚನಕಾರರ ಮೊಕದ್ದಮೆಯಲ್ಲಿ ಎದ್ದದ್ದು ಇದೇ ಪ್ರಶ್ನೆ. 1933ರ 'ಫ್ಲೈಯಿಂಗ್ ಡೌನ್ ಟು ರಿಯೊ' ಚಿತ್ರದ ಹಾಡುಗಳಿಗೆ ಸಾಹಿತ್ಯ ಬರೆದವರಲ್ಲಿ ಅವರೊಬ್ಬರು. ಆಗಿನ ಕಾನೂನಿನಂತೆ ಕೃತಿಸ್ವಾಮ್ಯದ ಅವಧಿ 28 ವರ್ಷ. ನವೀಕರಿಸಿದರೆ ಮತ್ತೆ 28 ವರ್ಷ. ಆ ನವೀಕರಣದ ಪಾಲನ್ನೂ ಎಲಿಸ್ಕು ಬರೆದುಕೊಟ್ಟಿದ್ದಾರೆಂದು ಟಿ.ಬಿ. ಹಾರ್ಮ್ಸ್ ಪ್ರಕಾಶನ ಸಂಸ್ಥೆ ಫೆಡರಲ್ ಕೋರ್ಟಿನ ಮೆಟ್ಟಿಲೇರಿತು. ಎಲಿಸ್ಕು ಒಪ್ಪಲಿಲ್ಲ.

1964ರಲ್ಲಿ ಮೇಲ್ಮನವಿ ಕೇಳಿದ ನ್ಯಾಯಮೂರ್ತಿ ಹೆನ್ರಿ ಫ್ರೆಂಡ್ಲಿ ಅವರ ತರ್ಕ ಸರಳ: ಹಾಡನ್ನು ಯಾರೂ ಕದ್ದಿಲ್ಲ, ಕೃತಿಸ್ವಾಮ್ಯ ಕಾಯಿದೆಯ ಅರ್ಥದ ಬಗೆಗೂ ತಕರಾರಿಲ್ಲ, ಪತ್ರ ಬರೆದುಕೊಟ್ಟದ್ದು ನಿಜವೇ ಎಂಬುದಷ್ಟೇ ಜಗಳ, ಅದು ರಾಜ್ಯದ ಕಾನೂನಿನ ವಿಷಯ. ದಾವೆ ವಜಾ ಆದದ್ದೇ ಸರಿ ಎಂದರು. ಅಂದಿನ ಒರೆಗಲ್ಲನ್ನೇ ಅಲ್ಲಿನ ನ್ಯಾಯಾಲಯಗಳು ಇಂದಿಗೂ ಬಳಸುತ್ತವೆ. ತಮಾಷೆಯೆಂದರೆ, ಇಂಥದೇ ಜಗಳದಲ್ಲಿ 'ನನ್ನ ಹಾಡನ್ನು ಅನುಮತಿಯಿಲ್ಲದೆ ಮಾರಿದರು, ಪರಿಹಾರ ಕೊಡಿಸಿ' ಎಂದು ದೂರಿದರೆ ಫೆಡರಲ್ ಕೋರ್ಟು ಸಾಮಾನ್ಯವಾಗಿ ಬಾಗಿಲು ತೆರೆಯುತ್ತದೆ.