ಹತ್ತು ರೂಪಾಯಿಯ ಹಕ್ಕು

ಉತ್ತರ ಕೇರಳದ ಮಲಬಾರಿನ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಾಮಕ ಆರೈಕೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕರುಣೆಯಿಂದ ಶುರುಮಾಡಿ ಕರುಣೆಯಲ್ಲೇ ಮುಗಿಸುತ್ತಾರೆ. ವಾಸಿಯಾಗದ ಕಾಯಿಲೆಯವರ ಮನೆಗೆ ಅಕ್ಕಪಕ್ಕದ ಜನವೇ ಹೋಗಿ ಮೈ ಒರೆಸಿ, ಹುಣ್ಣಿಗೆ ಪಟ್ಟಿ ಕಟ್ಟಿ, ಅಕ್ಕಿ ಕೊಟ್ಟು ಬರುತ್ತಾರೆಂದು ಕೇಳಿದರೆ ಯಾರ ಮನಸ್ಸಾದರೂ ಕರಗೀತು. ಆದರೆ ಕಲ್ಲಿಕೋಟೆ, ಮಲಪ್ಪುರಂ ಜಿಲ್ಲೆಗಳವರು ಮಂಡ್ಯದವರಿಗಿಂತಲೋ ಬೀದರಿನವರಿಗಿಂತಲೋ ಮೃದುಹೃದಯಿಗಳು ಎನ್ನಲು ಆಧಾರವೇನೂ ಇಲ್ಲ. ಕರುಣೆ ಎಲ್ಲ ಊರಲ್ಲೂ ಇದೆ. ಎಲ್ಲ ಊರಲ್ಲೂ ಅದು ಕೆಲಸಕ್ಕೆ ಬಂದಿಲ್ಲ. 1993ರಿಂದ 2008ರವರೆಗೆ ಅಲ್ಲಿ ನಡೆದದ್ದನ್ನು ಕ್ರಮವಾಗಿ ನೋಡುತ್ತ ಹೋದರೆ ನನಗೆ ಕಾಣುವುದು ಯಜಮಾನಿಕೆ ಕೈಬದಲಾದ ಕಥೆ. ಸಾವಿನ ಹತ್ತಿರ ಇರುವವರ ಆರೈಕೆಗೆ ದುಡ್ಡು ಎಲ್ಲಿಂದ ಬರಬೇಕು, ಅದರ ಲೆಕ್ಕ ಯಾರಿಗೆ ಒಪ್ಪಿಸಬೇಕು, ಯಾರನ್ನು ರೋಗಿ ಎಂದು ಪಟ್ಟಿಗೆ ಸೇರಿಸಬೇಕು ಎಂಬ ತೀರ್ಮಾನಗಳು ವೈದ್ಯರ ಮೇಜು ಬಿಟ್ಟು ಊರಿನ ಸಮಿತಿಯ ಕೈಗೆ ಬಂದವು. ಉಳಿದದ್ದೆಲ್ಲ ಅದರ ಹಿಂದೆ ಬಂತು.

ಅದಕ್ಕೂ ಮೊದಲು ಎಲ್ಲರ ಕಣ್ಣ ಮುಂದಿದ್ದದ್ದು ಹಾಸಿಗೆಗಳಿರುವ ಒಂದು ಕಟ್ಟಡ, ಹಾಸ್ಪೈಸ್. ದಾದಿಯಾಗಿ, ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ಮೂರೂ ಕಡೆಯಿಂದ ರೋಗಿಯನ್ನು ಕಂಡಿದ್ದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ಮೈಯದಷ್ಟೇ ಆಗಿರುವುದಿಲ್ಲ, ಮನಸ್ಸು, ಸಂಸಾರ, ನಂಬಿಕೆ ಎಲ್ಲವೂ ಒಟ್ಟಿಗೆ ನೋಯುತ್ತವೆ ಎಂದು ಅವರು ತೋರಿಸಿಕೊಟ್ಟರು. ನೋವು ಬಂದ ಮೇಲೆ ಮದ್ದು ಕೊಡುವ ಬದಲು ಬರುವ ಮೊದಲೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಪದ್ಧತಿಯನ್ನು ಗಟ್ಟಿಮಾಡಿದರು. ಭಾರತದ ಮೊದಲ ಹಾಸ್ಪೈಸ್, ಶಾಂತಿ ಅವೇದನಾ ಸದನ, 1986ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಕ್ಲಬ್ಬೂ ಕೂಡಿ 1994ರಲ್ಲಿ ಟ್ರಸ್ಟ್ ಕಟ್ಟಿ, 1999ರಲ್ಲಿ ಮಾರತ್ತಹಳ್ಳಿಯ ಬಳಿ ಕರುಣಾಶ್ರಯ ತೆರೆದವು. ಅಲ್ಲಿ ಇವತ್ತಿಗೂ ರೋಗಿಯಿಂದ ಒಂದು ಕಾಸು ಕೇಳುವುದಿಲ್ಲ. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಹಾಸಿಗೆಗಳಿಗೆ ಒಂದು ಲೆಕ್ಕವಿದೆ, ರೋಗಿಗಳಿಗೆ ಇಲ್ಲ. ಇಷ್ಟು ದೊಡ್ಡ ದೇಶದಲ್ಲಿ ಎಷ್ಟು ಕಟ್ಟಡ ಕಟ್ಟಿದರೂ ಬಹುಪಾಲು ಜನ ಸಾಯುವುದು ಬೇರೆಲ್ಲೋ, ಹೆಚ್ಚಾಗಿ ಅವರವರ ಮನೆಯಲ್ಲೇ.

ಅಫೀಮಿನಿಂದ ತೆಗೆಯುವ ಮಾರ್ಫಿನ್ ಮದ್ದಿನ ಕಥೆ ಇನ್ನೂ ವಿಚಿತ್ರ. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಬೆರಳೆಣಿಕೆಯ ದೇಶಗಳಲ್ಲಿ ನಮ್ಮದೂ ಒಂದು. ನೀಮಚ್, ಮಂದಸೌರ್, ಚಿತ್ತೋಡಗಢದ ಹೊಲಗಳ ಅಫೀಮು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗಿ, ಅಲ್ಲಿಂದ ಹೊರದೇಶಗಳ ನೋವು ನೀಗಿಸಲು ಹಡಗು ಹತ್ತುತ್ತಿತ್ತು. ಬೆಳೆದ ದೇಶದ ಕ್ಯಾನ್ಸರ್ ರೋಗಿಗೆ ಮಾತ್ರ ಸಿಗುತ್ತಿರಲಿಲ್ಲ. ಮಾದಕವಸ್ತು ತಡೆಗೆಂದು 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ಕಠಿಣ, ಪರವಾನಗಿಗಳ ಸಾಲು ಉದ್ದ. ಕಾಗದಪತ್ರದಲ್ಲಿ ಒಂದು ತಪ್ಪಾದರೆ ಜೈಲು ಎಂದು ಹೆದರಿದ ಔಷಧ ಅಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ ತರಿಸುವುದನ್ನೇ ಬಿಟ್ಟವು. ದೇಶದ ಮಾರ್ಫಿನ್ ಬಳಕೆ ನೂರಕ್ಕೆ 97ರಷ್ಟು ಕುಸಿದು 1997ರಲ್ಲಿ ಬರೀ 18 ಕಿಲೋಗೆ ಇಳಿಯಿತು. ಒಂದು ತಲೆಮಾರಿನ ವೈದ್ಯರು ಆ ಮಾತ್ರೆಯನ್ನು ಕಣ್ಣಲ್ಲಿ ನೋಡದೆಯೇ ಎಂಬಿಬಿಎಸ್ ಮುಗಿಸಿದರು.

ಇಂಥ ಹೊತ್ತಿನಲ್ಲಿ, 1993ರಲ್ಲಿ, ಕಲ್ಲಿಕೋಟೆ ಮೆಡಿಕಲ್ ಕಾಲೇಜಿನ ಅರಿವಳಿಕೆ ತಜ್ಞ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸೇರಿ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ರಾಜಗೋಪಾಲ್ ಮತ್ತೆ ಮತ್ತೆ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ಕ್ಯಾನ್ಸರ್ ಆಗಿದ್ದ ಒಬ್ಬ ಅಧ್ಯಾಪಕರಿಗೆ ಅವರು ನರಕ್ಕೆ ಚುಚ್ಚುಮದ್ದು ಕೊಟ್ಟು ನೋವನ್ನು ಪೂರ್ತಿ ನಿಲ್ಲಿಸಿದರು. ಮತ್ತೆ ಯಾವಾಗ ಬರಬೇಕು ಎಂದು ಆ ಅಧ್ಯಾಪಕರು ಕೇಳಿದಾಗ, ಇನ್ನು ಬರಬೇಕಾಗಿಲ್ಲ, ಮುಂದೆ ಚಿಕಿತ್ಸೆ ಇಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತು. ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂಬುದು ಆ ಮನುಷ್ಯನಿಗೆ ತಿಳಿದದ್ದೇ ಆಗ. ಮನೆಗೆ ಹೋಗಿ ಅವರು ಜೀವ ಕಳೆದುಕೊಂಡರು. ವೈದ್ಯರಿಗೆ ನೋವು ನಿಲ್ಲಿಸುವ ಕೈಚಳಕವಿದ್ದರೂ ರೋಗಿಯ ಜೊತೆ ಕೂತು ಮಾತಾಡುವ ಏರ್ಪಾಟು ಆಸ್ಪತ್ರೆಯಲ್ಲಿ ಇರಲಿಲ್ಲ. ಸೊಸೈಟಿಯ ಕ್ಲಿನಿಕ್ಕಿಗೆ ಮೊದಲಿನಿಂದಲೂ ಸ್ವಯಂಸೇವಕರನ್ನು ಸೇರಿಸಿಕೊಂಡದ್ದು ಈ ಕೊರತೆ ತುಂಬಲಿಕ್ಕೆ. ಆದರೂ ಆಗ ಅವರು ವೈದ್ಯರ ಕೈಕೆಳಗಿನ ಸಹಾಯಕರು: ಚೀಟಿ ಬರೆಯುವುದು, ಟೀ ತರುವುದು, ಸಾಲಿನಲ್ಲಿ ಕೂತವರ ಜೊತೆ ನಾಲ್ಕು ಮಾತಾಡುವುದು. ರೋಗಿ ಮಾತ್ರ ಬಸ್ಸು ಹತ್ತಿ ಕಲ್ಲಿಕೋಟೆಗೇ ಬರಬೇಕು. ಎರಡು ಸಲ, ಮೂರು ಸಲ ಬರುತ್ತಿದ್ದರು, ಆಮೇಲೆ ಬರುತ್ತಿರಲಿಲ್ಲ. ವಾಸಿಯಾಗಿ ಬಿಟ್ಟವರಲ್ಲ ಅವರು; ಮೇಲೇಳಲು ಆಗದೆ, ಇಲ್ಲವೇ ಟ್ಯಾಕ್ಸಿಗೆ ದುಡ್ಡಿಲ್ಲದೆ ಮನೆಯಲ್ಲೇ ಉಳಿದವರು. ಸುತ್ತಲ ಊರುಗಳಲ್ಲಿ ಸಣ್ಣ ಕ್ಲಿನಿಕ್ಕುಗಳನ್ನು ತೆರೆದಾಗ ದಾರಿ ಚಿಕ್ಕದಾಯಿತು, ಅಷ್ಟೇ.

ತಿರುವು ಬಂದದ್ದು 2001ರಲ್ಲಿ, ಮಲಪ್ಪುರಂ ಜಿಲ್ಲೆಯಲ್ಲಿ, ನೆರೆಹೊರೆ ಜಾಲ ಎಂಬ ಏರ್ಪಾಟಿನೊಂದಿಗೆ. ವಾರಕ್ಕೆ ಕನಿಷ್ಠ ಎರಡು ಗಂಟೆ ಬಿಡುವು ಮಾಡಿಕೊಳ್ಳುವ ಯಾರು ಬೇಕಾದರೂ ಸೇರಬಹುದು; ಅವರಿಗೆ 16 ಗಂಟೆ ತರಗತಿ, ನಾಲ್ಕು ದಿನ ರೋಗಿಗಳ ಬಳಿ ಮೇಲ್ವಿಚಾರಣೆಯಲ್ಲಿ ಕೆಲಸ. ತರಬೇತಾದವರು ತಮ್ಮ ಊರಲ್ಲಿ ಹಾಸಿಗೆ ಹಿಡಿದವರು ಎಲ್ಲೆಲ್ಲಿದ್ದಾರೆ ಎಂದು ಹುಡುಕುತ್ತಾರೆ, ಸೊಸೈಟಿ ನೋಂದಾಯಿಸುತ್ತಾರೆ, ನರ್ಸ್ ಒಬ್ಬರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ, ವೈದ್ಯರನ್ನು ಗೊತ್ತುಮಾಡುತ್ತಾರೆ. ಅಂದರೆ ಆಸ್ಪತ್ರೆ ಊರಿನವರನ್ನು ಕರೆಯುವ ಬದಲು ಊರಿನವರೇ ವೈದ್ಯರನ್ನು ಕರೆಯುವಂತಾಯಿತು. ದುಡ್ಡು ಬಂದದ್ದು ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಿಂದ, ಶಾಲಾ ಕಾಲೇಜಿನ ಮಕ್ಕಳಿಂದ, ತಿಂಗಳಿಗೆ ಹತ್ತು ರೂಪಾಯಿ ಕೊಡಲು ಒಪ್ಪಿದ ಸಾವಿರಾರು ಮನೆಗಳಿಂದ. ಜನವರಿ 15 ಕೇರಳದಲ್ಲಿ ಪ್ಯಾಲಿಯೇಟಿವ್ ದಿನವಾಯಿತು. ವರ್ಷದ ಖರ್ಚಿಗೆ ಜನರ ಮುಂದೆ ಕೈಚಾಚುವುದಕ್ಕೂ, ಹೋದ ವರ್ಷ ಏನು ಮಾಡಿದೆವು ಎಂದು ಹೇಳುವುದಕ್ಕೂ ಅದೇ ದಿನ.

ಮನೆಭೇಟಿ ಎಂದರೇನೆಂದು ತಿಳಿಯಲು ಒಂದೇ ಕೆಲಸವನ್ನು ಹತ್ತಿರದಿಂದ ನೋಡಿದರೆ ಸಾಕು. ಬಾಯಿಯ ಅಥವಾ ಸ್ತನದ ಕ್ಯಾನ್ಸರಿನ ಹುಣ್ಣು ಒಡೆದು ಕೊಳೆತಾಗ ಬರುವ ವಾಸನೆ ಮನೆಯವರನ್ನೂ ಕೋಣೆಯಿಂದ ಹೊರಗಟ್ಟುತ್ತದೆ. ಊಟದ ತಟ್ಟೆ ಹೊಸ್ತಿಲಲ್ಲೇ ಉಳಿಯುತ್ತದೆ, ಮೊಮ್ಮಕ್ಕಳು ಬರುವುದಿಲ್ಲ. ನರ್ಸ್ ಉಪ್ಪುನೀರಿನಿಂದ ಹುಣ್ಣು ತೊಳೆದು, ಮೆಟ್ರೊನಿಡಜೋಲ್ ಮಾತ್ರೆಗಳನ್ನು ಕುಟ್ಟಿ ಪುಡಿಮಾಡಿ ಅದರ ಮೇಲೆ ಉದುರಿಸಿ, ಹಳೆ ಬಟ್ಟೆಯನ್ನು ಮಡಿಚಿ ಕಟ್ಟುತ್ತಾರೆ. ಕೆಲವು ರೂಪಾಯಿಯ ಮಾತ್ರೆ. ಎರಡು ಮೂರು ದಿನದಲ್ಲಿ ವಾಸನೆ ಇಳಿಯುತ್ತದೆ, ಪಕ್ಕದ ಮನೆಯವರು ಬಂದು ಕೂರಲು ಶುರುಮಾಡುತ್ತಾರೆ. ಇದನ್ನು ಮನೆಯವರಿಗೇ ಕಲಿಸಿಬಿಟ್ಟರೆ ಮುಂದಿನ ಭೇಟಿಯವರೆಗೆ ಅವರೇ ಮಾಡಿಕೊಳ್ಳಬಲ್ಲರು. ಅಷ್ಟರಲ್ಲಿ ಜೊತೆಗೆ ಬಂದ ಸ್ವಯಂಸೇವಕ ಅಡುಗೆಮನೆಯ ಡಬ್ಬಿ ಬರಿದಾಗಿರುವುದನ್ನೋ ಮಗ ಶಾಲೆ ಬಿಟ್ಟಿರುವುದನ್ನೋ ನೋಡಿರುತ್ತಾನೆ. ಸಮಿತಿಯ ವರ್ಷದ ಲೆಕ್ಕದಲ್ಲಿ ಮದ್ದಿನ ಜೊತೆಗೆ ಅಕ್ಕಿ, ಶಾಲೆ ಫೀಸು, ಆಸ್ಪತ್ರೆಗೆ ಹೋಗುವ ಗಾಡಿ ಬಾಡಿಗೆಯೂ ಸೇರಿಕೊಂಡದ್ದು ಹೀಗೆ.

ನನ್ನ ವಾದ ನಿಂತಿರುವುದು ಇಲ್ಲೇ. ವೈದ್ಯರು ನಡೆಸಿದಷ್ಟು ಕಾಲ ಇದು ಬಹುಮಟ್ಟಿಗೆ ಕ್ಯಾನ್ಸರಿನ ಸೇವೆಯಾಗಿತ್ತು. ಊರಿನವರ ಕೈಗೆ ಹೋದದ್ದೇ ತಡ, ಲಕ್ವ ಹೊಡೆದವರು, ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು, ಡಯಾಲಿಸಿಸ್ಸಿನವರು, ಮುಪ್ಪಿನಿಂದ ಹಾಸಿಗೆ ಹಿಡಿದವರು, ಮನೋರೋಗಿಗಳು ಎಲ್ಲರೂ ಪಟ್ಟಿಗೆ ಬಂದರು. ವೈದ್ಯಶಾಸ್ತ್ರದಲ್ಲಿ ಹೊಸದೇನೋ ಕಂಡುಹಿಡಿದದ್ದರಿಂದ ಆದ ಬದಲಾವಣೆಯಲ್ಲ ಇದು. ತಿಂಗಳಿಗೆ ಹತ್ತು ರೂಪಾಯಿ ಕೊಡುವವನು ಕೇಳುತ್ತಾನೆ: ಆ ಬೀದಿಯ ಕ್ಯಾನ್ಸರಿನವರ ಮನೆಗೆ ಹೋಗುತ್ತೀರಿ, ನಮ್ಮ ಬೀದಿಯಲ್ಲಿ ಹತ್ತು ವರ್ಷದಿಂದ ಮಲಗಿರುವವನು ರೋಗಿಯಲ್ಲವೇ? ದೊಡ್ಡ ದಾನಿಯೊಬ್ಬ ಒಂದೇ ಚೆಕ್ ಬರೆದುಕೊಟ್ಟ ಕಡೆ ಈ ಪ್ರಶ್ನೆ ಹುಟ್ಟುವುದು ಕಷ್ಟ. ಅಲ್ಲಿ ಊರಿನವರು ಕೃತಜ್ಞರಾಗಿ ಇರಬೇಕು. ಹಾಸಿಗೆ ಹಿಡಿದವರ ಈ ವಿಶಾಲ ಪಟ್ಟಿಯ ಬೆಲೆ ತಿಳಿಯಬೇಕಾದರೆ ನಮ್ಮ ಗಡಿಯಲ್ಲೇ ಇರುವ ಕಾಸರಗೋಡನ್ನು ನೆನೆಯಬೇಕು. ಕನ್ನಡ, ತುಳು ಮಾತಾಡುವ ಎಣ್ಮಕಜೆಯಂಥ ಊರುಗಳ ಗೇರುತೋಟಗಳ ಮೇಲೆ 2000ದವರೆಗೂ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಅಲ್ಲಿನ ಎಂಡೋಸಲ್ಫಾನ್ ಪೀಡಿತ ಮಕ್ಕಳಿಗೆ ಕ್ಯಾನ್ಸರ್ ರೋಗಿಗಳಿಗೆಂದೇ ಕಟ್ಟಿದ ಹಾಸ್ಪೈಸು ಏನು ಕೊಟ್ಟೀತು? ಅವರಿಗೆ ಬೇಕಾದದ್ದು ಇಪ್ಪತ್ತು ಮೂವತ್ತು ವರ್ಷ ಮನೆ ಬಾಗಿಲಿಗೆ ಬರುವ ಮನುಷ್ಯರು.

ಅರೆಬರೆ ಕಲಿತವರ ಕೈಗೆ ಸಾಯುವವರನ್ನು ಒಪ್ಪಿಸುವುದು ಅಪಾಯ ಎಂದು ವೈದ್ಯರು ಆಗಲೂ ಆಕ್ಷೇಪಿಸಿದರು, ಈಗಲೂ ಆಕ್ಷೇಪಿಸುತ್ತಾರೆ. ಮಾತಿನಲ್ಲಿ ಹುರುಳಿದೆ: ಸ್ವಯಂಸೇವಕರ ಗುಣಮಟ್ಟ ಎಲ್ಲ ಕಡೆ ಒಂದೇ ಸಮ ಇರಲು ಸಾಧ್ಯವಿಲ್ಲ. ಆದರೆ ಮದ್ದಿನ ತೀರ್ಮಾನ ವೈದ್ಯರದ್ದೇ, ಕ್ಯಾಥೆಟರ್ ಹಾಕುವುದು ನರ್ಸಿನದ್ದೇ. ಸ್ವಯಂಸೇವಕ ಮಾಡುವ ಕೆಲಸವನ್ನು ಮೊದಲು ಯಾರೂ ಮಾಡುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಇನ್ನು ಮಾರ್ಫಿನ್ ಮನೆಗೆ ಕೊಟ್ಟರೆ ಬೀದಿಗೆ ಹೋಗುತ್ತದೆ ಎಂಬ ಭಯಕ್ಕೆ ಕಲ್ಲಿಕೋಟೆಯೇ ಉತ್ತರ ಕೊಟ್ಟಿದೆ. ಎರಡು ವರ್ಷಗಳಲ್ಲಿ ಮನೆಯಲ್ಲೇ ಮಾರ್ಫಿನ್ ಮಾತ್ರೆ ತೆಗೆದುಕೊಂಡ 1,723 ರೋಗಿಗಳ ವಿವರವನ್ನು ರಾಜಗೋಪಾಲ್ ಮತ್ತು ಸಂಗಡಿಗರು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ದುರುಪಯೋಗವಾಗಲಿ ಕಳ್ಳದಾರಿಯಾಗಲಿ ಕಾಣಲಿಲ್ಲ. 2014ರಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು ಪರವಾನಗಿ ಸರಳಗೊಳಿಸಿದ್ದಕ್ಕೆ ಇಂಥ ದಾಖಲೆಗಳ ಬಲವಿತ್ತು.

ಇದೆಲ್ಲ ಕೇರಳದಲ್ಲಷ್ಟೇ ಸಾಧ್ಯ ಎನ್ನುವುದು ಇನ್ನೊಂದು ಆಕ್ಷೇಪ, ಮತ್ತು ಇದು ಹೆಚ್ಚು ಗಟ್ಟಿಯಾದದ್ದು. 2010ರಲ್ಲಿ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ನಲವತ್ತು ದೇಶಗಳಲ್ಲಿ ಸಾವಿನ ಗುಣಮಟ್ಟ ಅಳೆದಾಗ ಭಾರತ ಕೊನೆಯ ಸ್ಥಾನದಲ್ಲಿತ್ತು. ಅದೇ ವರದಿ, ದೇಶದ ನೂರಕ್ಕೆ ಮೂರು ಜನರಿರುವ ಕೇರಳದಲ್ಲಿ ದೇಶದ ಮೂರನೇ ಎರಡು ಪಾಲು ಉಪಶಾಮಕ ಸೇವೆಗಳಿವೆ ಎಂದಿತು. ಇಷ್ಟು ಅಂತರ ಸುಮ್ಮನೆ ಬರುವುದಿಲ್ಲ. 1991ರಲ್ಲಿ ಕಲ್ಲಿಕೋಟೆಯ ಮಾನಾಂಚಿರ ಮೈದಾನದಲ್ಲಿ ಕೇರಳ ಪೂರ್ಣ ಸಾಕ್ಷರವೆಂದು ಘೋಷಿಸಿದಾಗ ಆ ಘೋಷಣೆ ಓದಿದ್ದು ಮಲಪ್ಪುರಂ ಜಿಲ್ಲೆಯ, ಆಗತಾನೇ ಅಕ್ಷರ ಕಲಿತಿದ್ದ ಚೇಲಕ್ಕೋಡನ್ ಆಯಿಷಾ. ಮನೆಮನೆಗೆ ಹೋಗಿ ಪಟ್ಟಿ ಮಾಡುವ, ಸಂಜೆ ಬಿಡುವಿನಲ್ಲಿ ಕೆಲಸ ಮಾಡುವ ಅಭ್ಯಾಸ ಆ ಸಾಕ್ಷರತಾ ಚಳವಳಿಯಿಂದಲೇ ಆ ಜಿಲ್ಲೆಗಳಿಗೆ ಬಂದಿತ್ತು. 1996ರ ಜನತಾ ಯೋಜನೆ ಪಂಚಾಯಿತಿಗಳ ಕೈಗೆ ದುಡ್ಡು ಕೊಟ್ಟಿತು, ಕೊಲ್ಲಿಯಿಂದ ಮನಿಯಾರ್ಡರ್ ಬಂತು, ಪಕ್ಷಗಳು ಪೈಪೋಟಿಗೆ ಬಿದ್ದವು. ಇವೆಲ್ಲ ನಿಜ. ಆದರೆ ಇವು ತೋರಿಸುವುದು ಮಣ್ಣಿನ ಮಹಿಮೆಯನ್ನಲ್ಲ, ಕಟ್ಟಿ ಬೆಳೆಸಿದ ಅಭ್ಯಾಸವನ್ನು. ಹಾಲಿನ ಡೇರಿಯ ಸೊಸೈಟಿ, ಸ್ತ್ರೀಶಕ್ತಿ ಸಂಘಗಳ ಲೆಕ್ಕಪುಸ್ತಕ ವರ್ಷವರ್ಷ ಬರೆಯುವ ಕರ್ನಾಟಕದ ಹಳ್ಳಿಗಳಿಗೆ ಆ ಅಭ್ಯಾಸ ಇಲ್ಲವೆಂದು ಯಾರು ಹೇಳಿಯಾರು?

ನನಗೆ ಪೂರ್ತಿ ಉತ್ತರ ಸಿಗದ ಆಕ್ಷೇಪ ಹೆಂಗಸರ ಕುರಿತದ್ದು. ಮನೆಯಲ್ಲಿ ಆರೈಕೆ ಎಂದರೆ ಹೆಂಡತಿಯ, ಸೊಸೆಯ, ಮಗಳ ಆರೈಕೆ. ನೆರೆಹೊರೆಯವರು ವಾರಕ್ಕೊಮ್ಮೆ ಬಂದು ಹೋದ ಮೇಲೆ ಉಳಿದ ಆರು ದಿನ ರಾತ್ರಿ ಎದ್ದು ಮಗ್ಗುಲು ಹೊರಳಿಸುವವಳು ಅವಳೇ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಇಬ್ಬರೂ ಕೂಲಿಗೆ ಹೋಗದಿದ್ದರೆ ಒಲೆ ಉರಿಯದ ಕಡೆ, ಮನೆಯಲ್ಲೇ ಸಾಯಲಿ ಎನ್ನುವುದು ಕ್ರೂರ ಸಲಹೆ. ಕರುಣಾಶ್ರಯದಂಥ ಹಾಸಿಗೆಗಳ ಅಗತ್ಯ ಇಂಥಲ್ಲಿ ಕಾಣುತ್ತದೆ, ಮಲಬಾರಿನ ಅಭಿಮಾನಿಗಳು ಇದನ್ನು ಬೇಗ ಒಪ್ಪುವುದಿಲ್ಲ.

ಇನ್ನುಳಿದದ್ದು ಸರ್ಕಾರ. ದತ್ತಿಯವರು ಮಾಡುತ್ತ ಹೋದರೆ ಸರ್ಕಾರ ಜಾರಿಕೊಳ್ಳುತ್ತದೆ ಎಂಬ ಅನುಮಾನ ಕೇರಳದಲ್ಲಿ ತಲೆಕೆಳಗಾಯಿತು. ಊರೂರಿನ ಸಮಿತಿಗಳು ತೋರಿಸಿಕೊಟ್ಟ ಮೇಲೆ 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಯ ನೀತಿ ಹೊರಡಿಸಿತು, ದೇಶದಲ್ಲೇ ಮೊದಲು. ಮುಂದೆ ಪಂಚಾಯಿತಿಗಳು ಇದಕ್ಕೆಂದೇ ನರ್ಸುಗಳನ್ನು ನೇಮಿಸಿಕೊಂಡವು. ಈಗಿನ ಅಪಾಯ ಬೇರೆ. ನರ್ಸಿನ ಸಂಬಳ ಪಂಚಾಯಿತಿಯದಾದಾಗ ಭೇಟಿಯ ಪಟ್ಟಿಯೂ ಪಂಚಾಯಿತಿಯದಾಗುತ್ತದೆ, ಸ್ವಯಂಸೇವಕ ಮತ್ತೆ ದಾರಿ ತೋರಿಸುವವನಾಗುತ್ತಾನೆ, 1993ರ ಕ್ಲಿನಿಕ್ಕಿನಲ್ಲಿ ಇದ್ದಂತೆ. ಸ್ವಂತ ಡಬ್ಬಿ, ಸ್ವಂತ ಮಹಾಸಭೆ ಉಳಿಸಿಕೊಂಡ ಸೊಸೈಟಿಗೆ ಮಾತ್ರ ಪಂಚಾಯಿತಿಯ ಜೊತೆ ಜಗಳವಾಡುವ ತ್ರಾಣ ಇರುತ್ತದೆ. ಕರ್ನಾಟಕವೂ 2016ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದಿತು. ಮಲಬಾರಿನಲ್ಲಿ ಸಮಿತಿಗಳು ಮೊದಲು ಬಂದು ನೀತಿಯನ್ನು ಎಳೆದು ತಂದವು. ನಮ್ಮಲ್ಲಿ ನೀತಿ ಮೊದಲೇ ಬಂದಿದೆ, ಅದನ್ನು ಹಿಡಿದು ತಾಲೂಕು ಆಸ್ಪತ್ರೆಯ ಬಾಗಿಲಿಗೆ ಹೋಗಿ ಮಾರ್ಫಿನ್ ಏಕೆ ಇಲ್ಲ ಎಂದು ಕೇಳುವ ಊರಿನ ಸಮಿತಿಗಳು ಇನ್ನು ಆಗಬೇಕು.